ಸುಗಂಧ, ಉಡುಗೆ, ಗಂಡಸರ ದಿನಚರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪರ್ಫ್ಯೂಮ್, ಅತ್ತರು ಮತ್ತು ನಿತ್ಯದ ಉಡುಪಿನ ಕುರಿತಾಗಿವೆ. ಹಲವು ಪತ್ರಗಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರಿಂದ, ಅಂಥವನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕ. ವಿಡಿಯೊ ವಿಮರ್ಶೆಗಳನ್ನು ನೋಡಿ ಕೊಂಡ ಬಾಟಲಿಗಳಿಂದ ಕಪಾಟಿನ ಒಂದು ಅಂತಸ್ತು ತುಂಬಿದೆ. ಆದರೆ ಹಾಕಿಕೊಳ್ಳುವುದು ಎರಡನ್ನು ಮಾತ್ರ. ಸಂಗ್ರಹವನ್ನು ಅರ್ಥಪೂರ್ಣವಾಗಿ ಬೆಳೆಸುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ನಿತ್ಯ ಕೈಗೆತ್ತಿಕೊಳ್ಳುವ ಆ ಎರಡು ಬಾಟಲಿಗಳಿಂದಲೇ ಆರಂಭಿಸಿ. ಅವು ಯಾವ ಕುಟುಂಬಕ್ಕೆ ಸೇರಿದವು, ಅವುಗಳಲ್ಲಿ ನಿಮಗೆ ಹಿಡಿಸುವುದು ನಿಂಬೆಯ ಚುರುಕೋ, ಲಾವಂಚದ ತಂಪೋ, ಮರದ ಒಣ ಕಂಪೋ ಎಂಬುದನ್ನು ಗುರುತಿಸಿಕೊಂಡರೆ ಮುಂದಿನ ಖರೀದಿಯ ದಾರಿ ತಾನಾಗಿ ತೋರುತ್ತದೆ. ಯಾರೋ ಮೆಚ್ಚಿದರು ಎಂಬ ಒಂದೇ ಕಾರಣಕ್ಕೆ, ಮೂಸಿಯೂ ನೋಡದೆ 100 ಮಿ.ಲೀ. ಬಾಟಲಿಯನ್ನು ತರಿಸಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದೇ ಹಣದಲ್ಲಿ 2 ಅಥವಾ 5 ಮಿ.ಲೀ. ಸ್ಯಾಂಪಲ್‌ಗಳನ್ನು ತರಿಸಿ, ಒಂದೊಂದನ್ನೂ ಪೂರ್ತಿ ದಿನ ಮೈಮೇಲೆ ಧರಿಸಿ ನೋಡಬಹುದು. ಅಂಗಡಿಯ ಕಾಗದದ ಪಟ್ಟಿಯ ಮೇಲೆ ನಿಮಗೆ ಸಿಗುವುದು ಮೊದಲ ಹತ್ತು ಹದಿನೈದು ನಿಮಿಷಗಳ ಮೇಲ್ಪದರ ಮಾತ್ರ, ಮತ್ತು ಬಾಟಲಿಯನ್ನು ಮಾರುವುದೂ ಆ ಮೇಲ್ಪದರವೇ. ಸಂಜೆ ನಾಲ್ಕರ ಹೊತ್ತಿಗೆ ಅಂಗಿಯ ತೋಳಿನಲ್ಲಿ ಉಳಿಯುವ ತಳದ ಪದರವನ್ನು ನೀವು ಇಷ್ಟಪಡುತ್ತೀರೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

ಸಂಗ್ರಹಕ್ಕೆ ಅರ್ಥ ಬರುವುದು ಸುಗಂಧಗಳ ವಂಶಾವಳಿ ತಿಳಿದಾಗ ಎಂಬುದು ನನ್ನ ಗಟ್ಟಿ ನಂಬಿಕೆ. 1868ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಪ್ರಯೋಗಾಲಯದಲ್ಲಿ ಒಣಹುಲ್ಲಿನ ಕಂಪಿನ ಕೂಮರಿನ್ ಎಂಬ ಅಣುವನ್ನು ತಯಾರಿಸಿದ ಮೇಲೆ, ಅದನ್ನು ಬಳಸಿ 1882ರಲ್ಲಿ ಫ್ರಾನ್ಸಿನ ಊಬಿಗಾಂ ಸಂಸ್ಥೆಯ ಫೂಜೇರ್ ರೊಯಾಲ್ ಎಂಬ ಪರ್ಫ್ಯೂಮ್ ಬಂದಿತು. ಲ್ಯಾವೆಂಡರ್, ಕೂಮರಿನ್ ಮತ್ತು ಓಕ್ ಮರದ ಪಾಚಿಯನ್ನು ಆಧರಿಸಿದ, ಫೂಜೇರ್ ಎಂದು ಕರೆಯುವ ಈ ಹೆಣಿಗೆಯೇ ಇಂದಿಗೂ ಕ್ಷೌರದಂಗಡಿಯಲ್ಲಿ, ಆಫ್ಟರ್‌ಶೇವ್‌ಗಳಲ್ಲಿ ನಮಗೆ ಪರಿಚಿತವಾದ ಆ ಸ್ವಚ್ಛ ಪರಿಮಳದ ಮೂಲ. 1959ರಲ್ಲಿ ಗೆರ್ಲಾಂ ಸಂಸ್ಥೆ ತಂದ ವೆಟಿವರ್ ನಮ್ಮ ಲಾವಂಚದ ಬೇರನ್ನೇ ನಡುವೆ ಇಟ್ಟುಕೊಂಡ ಕೃತಿ. 1966ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ಅವರು ಡಿಯೋರ್ ಸಂಸ್ಥೆಗಾಗಿ ರೂಪಿಸಿದ ಓ ಸೊವಾಜ್‌ನಲ್ಲಿ ಹೆಡಿಯೋನ್ ಎಂಬ, ಮಲ್ಲಿಗೆಯ ನೆರಳಿನಂಥ ಅಣು ನಿಂಬೆಯ ವಾಸನೆಗೆ ಗಾಳಿಯಾಡುವ ಗುಣ ಕೊಟ್ಟಿತು. 1988ರ ಕೂಲ್ ವಾಟರ್ ಮತ್ತು 1996ರ ಆಕ್ವಾ ದಿ ಜಿಯೋಗಳ ನಂತರ ನೀರು, ಸಮುದ್ರ, ಸ್ನಾನದ ತಾಜಾತನ ಎಂಬ ಮೂಸೆಯಲ್ಲಿ ಎರಕವಾಗಿ ಬಂದ ಬಾಟಲಿಗಳಿಗೆ ಲೆಕ್ಕವಿಲ್ಲ. ನಿಮ್ಮ ಕಪಾಟಿನಲ್ಲಿ ಹೀಗೆ ಒಂದೇ ಮನೆತನಕ್ಕೆ ಸೇರಿದ ಐದಾರು ಬಾಟಲಿಗಳು ಇರುವ ಸಾಧ್ಯತೆ ಹೆಚ್ಚು. ಅವುಗಳಲ್ಲಿ ಉತ್ತಮವಾದ ಒಂದನ್ನು ಇಟ್ಟುಕೊಂಡು ಉಳಿದವನ್ನು ಗೆಳೆಯರಿಗೆ ಕೊಟ್ಟುಬಿಡಿ.

ಬೇಸಿಗೆಗೆ ನಿಂಬೆ ಜಾತಿಯ ಒಂದು, ತರಗತಿಗೆ ಲಾವಂಚದ್ದೋ ಫೂಜೇರ್ ವರ್ಗದ್ದೋ ಒಂದು, ಮಳೆಗಾಲಕ್ಕೂ ಚಳಿಗೂ ಮರದ ಅಥವಾ ಮಸಾಲೆಯ ಒಂದು, ಮನೆಯ ಶುಭಕಾರ್ಯಗಳಿಗೆ ಗಂಧದ್ದು ಒಂದು: ಇಷ್ಟನ್ನು ಆಳವಾಗಿ ಬಲ್ಲವನನ್ನು ನಾನು ಸಂಗ್ರಾಹಕನೆಂದು ಕರೆಯುತ್ತೇನೆ. ಮುಚ್ಚಳ ತೆಗೆಯದ ಐವತ್ತು ಬಾಟಲಿಗಳ ಒಡೆಯನ ಬಗ್ಗೆ ಆ ಮಾತನ್ನು ಹೇಳಲಾರೆ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಶ್ರೀಗಂಧದ ಎಣ್ಣೆಯ ಒಂದು ಪುಟ್ಟ ಶೀಷೆ ಸಿಕ್ಕಿತು. ಅದರ ಪರಿಮಳಕ್ಕೂ ಇಂದು 'ಸ್ಯಾಂಡಲ್' ಎಂದು ಬರೆದುಕೊಂಡು ಬರುವ ಪರ್ಫ್ಯೂಮ್‌ಗಳಿಗೂ ಸಂಬಂಧವೇ ಇಲ್ಲ. ಇದೇಕೆ? ನಿಜವಾದ ಎಣ್ಣೆಯನ್ನು ಕೊಳ್ಳುವುದು ಇಂದು ಸಾಧ್ಯವೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತಿದೆ. ಶ್ರೀಗಂಧದ ಮರ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಹೆಣೆದು ಆಹಾರದ ಒಂದು ಪಾಲನ್ನು ಅಲ್ಲಿಂದ ಪಡೆಯುವ ಮರ. ಪರಿಮಳವಿರುವುದು ಅದರ ತಿರುಳಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯಿಲ್ಲ. ಆ ತಿರುಳು ಬಲಿಯಲು ದಶಕಗಳೇ ಬೇಕು. ಎಣ್ಣೆಯ ಬಹುಪಾಲು ಆಲ್ಫಾ ಮತ್ತು ಬೀಟಾ ಸಾಂಟಲಾಲ್ ಎಂಬ ಎರಡು ಅಣುಗಳು. ಹಾಲಿನ ಕೆನೆಯಂಥ ಆ ಮೃದುತ್ವಕ್ಕೆ ಮುಖ್ಯ ಕಾರಣ ಬೀಟಾ ಸಾಂಟಲಾಲ್ ಎಂದು ಪರಿಮಳತಜ್ಞರು ಒಪ್ಪುತ್ತಾರೆ. ಹಳೆಯ ಮರಗಳಿಂದ, ಅವಸರವಿಲ್ಲದೆ ಹಬೆಯಲ್ಲಿ ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಇವು ತುಂಬಿರುತ್ತವೆ. ಎಳೆಯ ಮರದ ಎಣ್ಣೆ ತೆಳುವಾಗಿರುತ್ತದೆ, ಸ್ವಲ್ಪ ಹಸಿ ವಾಸನೆಯೂ ಬರುತ್ತದೆ.

ಹಳೆಯ ಮರಗಳು ನಮ್ಮಲ್ಲಿ ಉಳಿಯಲಿಲ್ಲ ಎಂಬುದು ನೋವಿನ ಸಂಗತಿ. ಟಿಪ್ಪು ಸುಲ್ತಾನ್ 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ಯಾರದೇ ಜಮೀನಿನಲ್ಲಿ ಬೆಳೆದರೂ ಗಂಧದ ಮರ ಸರ್ಕಾರದ್ದೇ ಎಂಬ ಕಟ್ಟಳೆ ನಡೆದುಬಂತು. ಮೊದಲ ಮಹಾಯುದ್ಧದಿಂದಾಗಿ ಮರದ ತುಂಡುಗಳನ್ನು ಯುರೋಪಿಗೆ ಕಳುಹಿಸುವ ವ್ಯಾಪಾರ ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕಾರ್ಖಾನೆ ಮೈಸೂರಿಗೆ ಬಂದಿತು. ಅದರಿಂದಲೇ ಮೈಸೂರ್ ಸ್ಯಾಂಡಲ್ ಸೋಪ್ ಹುಟ್ಟಿತು, ಮೈಸೂರಿನ ಹೆಸರು ಜಗತ್ತಿನ ಪರ್ಫ್ಯೂಮ್ ತಯಾರಕರ ಬಾಯಲ್ಲಿ ನಿಂತಿತು. ಆದರೆ ತನ್ನ ಹೊಲದ ಮರದಿಂದ ರೈತನಿಗೆ ಲಾಭಕ್ಕಿಂತ ಭಯವೇ ಹೆಚ್ಚು ಎಂಬ ಸ್ಥಿತಿ ಇದ್ದದ್ದರಿಂದ ಯಾರೂ ಮನಸಾರೆ ನೆಡಲಿಲ್ಲ. ಕಳ್ಳಸಾಗಣೆ ಮತ್ತು ಗಂಧದ ಮರಕ್ಕೆ ತಗಲುವ ಸ್ಪೈಕ್ ರೋಗ ಉಳಿದದ್ದನ್ನು ಕೊಂದವು. ಬೆಳೆದವನೇ ಮರದ ಒಡೆಯ ಎಂದು ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ನಮ್ಮ ಜಾತಿಯ ಗಂಧದ ಮರವನ್ನೇ ದೊಡ್ಡ ತೋಟಗಳಲ್ಲಿ ಬೆಳೆಸಲು ಶುರುಮಾಡಿದ್ದರು.

ಇಂದು ಪೇಟೆಯ ಪರ್ಫ್ಯೂಮ್‌ಗಳಲ್ಲಿ 'ಸ್ಯಾಂಡಲ್' ಎಂದರೆ ಬಹುತೇಕ ಜಾವನಾಲ್, ಎಬಾನಾಲ್, ಸ್ಯಾಂಡಲೋರ್ ಮುಂತಾದ ಕೃತಕ ಅಣುಗಳು. ಅವನ್ನು ಹೀಗಳೆಯುವುದು ಸರಿಯಲ್ಲ. ಅವು ದೂರಕ್ಕೆ ಬೀರುತ್ತವೆ, ಬೆಲೆಗೆ ಎಟುಕುತ್ತವೆ, ಕಾಡಿನ ಮರವನ್ನು ಉಳಿಸುತ್ತವೆ. ಆದರೆ ಅಸಲಿ ಎಣ್ಣೆಯ ಸ್ವಭಾವವೇ ಬೇರೆ: ಅದು ಮೈಗೆ ಹತ್ತಿರವಾಗಿ, ಮೆಲುದನಿಯಲ್ಲಿ, ಗಂಟೆಗಟ್ಟಲೆ ಉಳಿಯುತ್ತದೆ. ಆ ಮೆಲುದನಿಯನ್ನು ದೌರ್ಬಲ್ಯವೆಂದು ತಿಳಿದವರಿಗೆ ಅದು ಎಂದೂ ರುಚಿಸದು.

ಕೊಳ್ಳುವುದು ಸಾಧ್ಯ, ಆದರೆ ಎಚ್ಚರದಿಂದ. 'ಮೈಸೂರು ಶ್ರೀಗಂಧದ ಎಣ್ಣೆ' ಭೌಗೋಳಿಕ ಸೂಚಕ (ಆ ಊರಿನದೇ ಎಂದು ಕಾನೂನು ಗುರುತಿಸುವ ಜಿ.ಐ. ಗುರುತು) ಪಡೆದ ಸರಕು. ಸರ್ಕಾರಿ ಸ್ವಾಮ್ಯದ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮದ ಮಳಿಗೆಯಲ್ಲಿ ಮೊಹರು ಹಾಕಿದ ಪುಟ್ಟ ಶೀಷೆಯನ್ನು ಕೊಳ್ಳುವುದೇ ಸುರಕ್ಷಿತ. ಪ್ರವಾಸಿಗರಿಗೆಂದು ರಸ್ತೆಬದಿಯಲ್ಲಿ ಅಗ್ಗಕ್ಕೆ ಮಾರುವ ದ್ರವದಲ್ಲಿ ಗಂಧದ ಪಾಲು ಇರುವುದೇ ಅನುಮಾನ. ಹರಳೆಣ್ಣೆ, ಪ್ಯಾರಾಫಿನ್, ಕೃತಕ ಅಣುಗಳ ಬೆರಕೆಯನ್ನು, ಅಂಶಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆಯಿಲ್ಲದೆ ಮೂಗಿನಿಂದ ಹಿಡಿಯುವುದು ಪಳಗಿದವರಿಗೂ ಕಷ್ಟ. ಅಜ್ಜನ ಶೀಷೆಯನ್ನಂತೂ ಬಳಸಿ. ಗಂಧದೆಣ್ಣೆ ನಿಂಬೆಯ ಎಣ್ಣೆಗಳಂತೆ ಬೇಗ ಕೆಡುವುದಿಲ್ಲ; ಮುಚ್ಚಳ ಭದ್ರವಾಗಿದ್ದರೆ ವರ್ಷಗಳು ಕಳೆದಂತೆ ಅದರ ಕಂಪು ಇನ್ನಷ್ಟು ಮೃದುವಾಗುತ್ತದೆ. ಸ್ನಾನವಾದ ಮೇಲೆ ಮಣಿಕಟ್ಟಿಗೆ ಒಂದು ಹನಿ ಸಾಕು. ರೇಷ್ಮೆಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ.

ಪ್ರಶ್ನೆ: ಎಷ್ಟು ಬೆಲೆಯ ಪರ್ಫ್ಯೂಮ್ ಹಾಕಿಕೊಂಡರೂ ಒಂದು ಗಂಟೆಯಲ್ಲಿ ಮಾಯವಾಗುತ್ತದೆ. ಬೆವರಿನ ವಾಸನೆ ಮಾತ್ರ ಉಳಿಯುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಮಂಗಳೂರು

ಉತ್ತರ: ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಬೆವರಿಗೆ ತನ್ನದೇ ಆದ ವಾಸನೆ ಬಹಳ ಕಡಿಮೆ. ಕಂಕುಳಿನ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ದುರ್ಗಂಧ ಹುಟ್ಟುತ್ತದೆ. ಅದನ್ನು ಪರ್ಫ್ಯೂಮ್‌ನಿಂದ ಮುಚ್ಚಲು ಹೊರಟರೆ ಎರಡೂ ಬೆರೆತು ಇನ್ನೂ ಕೆಟ್ಟ ಮೂರನೆಯದು ಆಗುತ್ತದೆ. ಡಿಯೋಡರೆಂಟ್ ವಾಸನೆಯನ್ನು ತಡೆಯುತ್ತದೆ. ಅಲ್ಯೂಮಿನಿಯಂ ಲವಣಗಳಿರುವ ಆ್ಯಂಟಿಪರ್ಸ್ಪಿರಂಟ್ ಬೆವರನ್ನೇ ಕಡಿಮೆ ಮಾಡುತ್ತದೆ. ಎರಡನೆಯದನ್ನು ರಾತ್ರಿ ಮಲಗುವ ಮುನ್ನ, ಒಣಗಿದ ಚರ್ಮಕ್ಕೆ ಹಚ್ಚಿದರೆ ಪರಿಣಾಮ ಹೆಚ್ಚು. ವಾಸನೆಯಿಲ್ಲದ ಬಗೆಯನ್ನೇ ಆರಿಸಿ, ಇಲ್ಲದಿದ್ದರೆ ಅದು ನಿಮ್ಮ ಪರ್ಫ್ಯೂಮ್ ಜೊತೆ ಜಗಳವಾಡುತ್ತದೆ. ಪಾಲಿಯೆಸ್ಟರ್ ಅಂಗಿಗಳು ಹತ್ತಿಗಿಂತ ಹೆಚ್ಚಾಗಿ ಬೆವರಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಒಗೆದ ಮೇಲೂ ಬಿಡುವುದಿಲ್ಲ. ಕರಾವಳಿಯಲ್ಲಿರುವವರು ಪೂರ್ಣ ಹತ್ತಿಯ ಬನಿಯನ್, ಅದರ ಮೇಲೆ ತೆಳುವಾದ ಹತ್ತಿ ಅಥವಾ ಲಿನನ್ ಅಂಗಿ ಹಾಕುವುದು ಯಾವ ಪರ್ಫ್ಯೂಮ್‌ಗಿಂತಲೂ ಮೊದಲಿನ ಅಗತ್ಯ.

ಇನ್ನು ಮಾಯವಾಗುವ ಸಂಗತಿ. ನಿಮ್ಮ ಮೂಗು ನಿಮ್ಮದೇ ಪರಿಮಳಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಇನ್ನೂ ಚೆನ್ನಾಗಿಯೇ ಬರುತ್ತಿರಬಹುದು. ಮತ್ತೆ ಸಿಂಪಡಿಸುವ ಮೊದಲು ಮನೆಯವರನ್ನು ಕೇಳಿ. ಒಣ ಚರ್ಮದಿಂದ ಪರಿಮಳ ಬೇಗ ಆರಿಹೋಗುತ್ತದೆ, ಆದ್ದರಿಂದ ಸ್ನಾನದ ನಂತರ ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿ ಅದರ ಮೇಲೆ ಸಿಂಪಡಿಸಿ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಬೇಡಿ. ಬಿಳಿಯದಲ್ಲದ ಹತ್ತಿ ಅಂಗಿಯ ಒಳಭಾಗಕ್ಕೆ ಒಂದು ಬಾರಿ ಸಿಂಪಡಿಸಿದರೆ ಸಂಜೆಯವರೆಗೂ ನಿಲ್ಲುತ್ತದೆ.

ಪ್ರಶ್ನೆ: ನಮ್ಮೂರಿನ ಬೇಸಿಗೆಯಲ್ಲಿ ನೀಟಾಗಿ ಕಾಣುವುದೇ ಕಷ್ಟ. ಶಾಲಾ ಶಿಕ್ಷಕನಾಗಿ ದಿನವೂ ಏನು ಉಡಬೇಕು, ಯಾವ ಪರಿಮಳ ಹೊಂದುತ್ತದೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಬಟ್ಟೆಯ ನೂಲೇ ಶೈಲಿಯ ಅರ್ಧ. ಖಾದಿಗಿಂತ ಯೋಗ್ಯವಾದದ್ದು ನನಗೆ ಕಾಣುವುದಿಲ್ಲ: ಕೈನೂಲಿನ ಏರುಪೇರಿನಿಂದಾಗಿ ಅದು ಗಾಳಿಯಾಡಿಸುತ್ತದೆ, ಬೆವರನ್ನು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ತೆಳು ನೀಲಿ, ಹಾಲುಬಿಳುಪು, ಬೂದು, ಎಲೆಹಸಿರು ಬಣ್ಣಗಳ ಐದು ಅಂಗಿಗಳು, ಗಾಢ ಬಣ್ಣದ ಮೂರು ಹತ್ತಿ ಪ್ಯಾಂಟುಗಳು ಇದ್ದರೆ ವಾರ ಪೂರ್ತಿ ಒಂದಕ್ಕೊಂದು ಹೊಂದುತ್ತವೆ. ಅಂಗಿ ಕೊಳ್ಳುವಾಗ ಭುಜದ ಹೊಲಿಗೆ ಸರಿಯಾಗಿ ಭುಜದ ಮೂಳೆಯ ತುದಿಗೆ ಕೂರುತ್ತದೆಯೇ ಎಂದು ನೋಡಿ. ಉದ್ದವನ್ನೂ ಸೊಂಟವನ್ನೂ ದರ್ಜಿ ಸರಿಪಡಿಸಬಲ್ಲ, ಭುಜವನ್ನು ಸರಿಪಡಿಸುವುದು ಕಷ್ಟ. ಚರ್ಮದ ಬೂಟುಗಳು ಎರಡು ಜೊತೆಯಿದ್ದರೆ ದಿನ ಬಿಟ್ಟು ದಿನ ಹಾಕಿ. ಒಳಗಿನ ತೇವ ಆರಲು ಅವಕಾಶ ಸಿಕ್ಕರೆ ವಾಸನೆಯೂ ಬಾರದು, ಚರ್ಮವೂ ಬಾಳುತ್ತದೆ.

ಪರಿಮಳಕ್ಕೆ ಓ ದ ಕಲೋನ್ ಎಂಬ ತೆಳು ಸುಗಂಧವನ್ನು ತೆಗೆದುಕೊಳ್ಳಿ. ಇಟಲಿಯಿಂದ ಬಂದ ಯೋಹಾನ್ ಮಾರಿಯಾ ಫರೀನಾ ಎಂಬಾತ ಜರ್ಮನಿಯ ಕಲೋನ್ ಪಟ್ಟಣದಲ್ಲಿ 1709ರಲ್ಲಿ ಆರಂಭವಾದ ಮನೆತನದ ವ್ಯಾಪಾರದಲ್ಲಿ ಹೆಸರಾಗಿಸಿದ ಈ ಬಗೆಯಲ್ಲಿ ಸುಗಂಧ ತೈಲದ ಪ್ರಮಾಣ ಸಾಮಾನ್ಯವಾಗಿ ಶೇಕಡ 2ರಿಂದ 5. ಓ ದ ಟಾಯ್ಲೆಟ್‌ನಲ್ಲಿ ಸುಮಾರು 5ರಿಂದ 15, ಓ ದ ಪರ್ಫಂನಲ್ಲಿ 15ರಿಂದ 20 ಇರುತ್ತದೆ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಕಲೋನ್ ಬೇಗ ಆರಿಹೋಗುವುದು ಅದರ ಗುಣವೇ ಹೊರತು ದೋಷವಲ್ಲ. ಪುಟ್ಟ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನ ಮುಖ ತೊಳೆದ ಮೇಲೆ ಮತ್ತೊಮ್ಮೆ ಹಚ್ಚಿಕೊಳ್ಳಿ. ಆದರೆ ನಿಂಬೆ ಅಥವಾ ಅದೇ ಜಾತಿಯ ಹಣ್ಣಾದ ಬರ್ಗಮಾಟ್‌ನ ಶುದ್ಧ ಎಣ್ಣೆಯನ್ನು ನೇರವಾಗಿ ಕತ್ತಿಗೆ ಹಚ್ಚಿ ಬಿಸಿಲಿಗೆ ಹೋಗಬೇಡಿ. ಅದರಲ್ಲಿರುವ ಬರ್ಗಾಪ್ಟೆನ್ ಎಂಬ ರಾಸಾಯನಿಕ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು ಕಂದು ಕಲೆ ಉಳಿಸುತ್ತದೆ.

ಪ್ರಶ್ನೆ: ಮದುವೆ ಮನೆಗಳಿಗೆ ಪಂಚೆ, ಶಲ್ಯ ಉಟ್ಟಾಗ ಸ್ಪ್ರೇ ಹೊಂದುವುದಿಲ್ಲ ಅನಿಸುತ್ತದೆ. ಅತ್ತರು ಬಳಸಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ಬಳಸಿ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ, ಮಣ್ಣಿನಿಂದ ಬಾಯಿ ಮುಚ್ಚಿ, ಕಟ್ಟಿಗೆ ಮತ್ತು ಬೆರಣಿಯ ಉರಿಯಲ್ಲಿ ಕಾಯಿಸುತ್ತಾರೆ. ಬಿದಿರಿನ ಕೊಳವೆಯ ಮೂಲಕ ಹಬೆ ಇಳಿಯುವುದು ನೀರಿನಲ್ಲಿಟ್ಟ ಭಪ್ಕಾ ಎಂಬ ಪಾತ್ರೆಗೆ. ಸಂಪ್ರದಾಯದಂತೆ ಭಪ್ಕಾದಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ, ಹೂವಿನ ಕಂಪನ್ನು ಅದು ಹೀರಿಕೊಳ್ಳುತ್ತದೆ. ಗಂಧದ ಬೆಲೆ ಏರಿದ ಮೇಲೆ ಅನೇಕರು ಅದರ ಬದಲು ವಾಸನೆಯಿಲ್ಲದ ಅಗ್ಗದ ದ್ರವಗಳನ್ನು ಬಳಸುತ್ತಿದ್ದಾರೆ, ಆದ್ದರಿಂದ 'ಗಂಧದ ತಳಹದಿ' ಇದೆಯೇ ಎಂದು ಕೇಳಿಯೇ ಕೊಳ್ಳಿ. ಮಳೆ ಬಿದ್ದ ನೆಲದ ವಾಸನೆಯ ಮಿಟ್ಟಿ ಅತ್ತರು ಮತ್ತು ಲಾವಂಚದ ಬೇರಿನ ರೂಹ್ ಖಸ್ ಎರಡೂ ಗಂಡಸರಿಗೆ ಬಹಳ ಒಪ್ಪುತ್ತವೆ. ರೂಹ್ ಖಸ್‌ನ ಹಸಿರು ಬಣ್ಣ ತಾಮ್ರದ ಪಾತ್ರೆಯಿಂದ ಬರುವುದು.

ಗಂಡಸಿಗೆ ಇದೆಲ್ಲ ಯಾಕೆ ಎಂದು ಹಿರಿಯರು ಕೇಳುತ್ತಾರೆ ಎಂದೂ ಬರೆದಿದ್ದೀರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನ, ವಿಲೇಪನ, ಧೂಪಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ನಮ್ಮ ನಾಡಿನ ಅರಸನೊಬ್ಬ ಮೈಗೆ ಹಚ್ಚುವ ಗಂಧವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದನೆಂದು ಅವರಿಗೆ ತಿಳಿಸಿ. ಅತ್ತರನ್ನು ಕಿವಿಯ ಹಿಂಭಾಗಕ್ಕೆ, ಎದೆಗೆ ಹಚ್ಚಿ. ಜರಿ ಅಂಚಿನ ಶಲ್ಯದಿಂದ ದೂರವಿಡಿ.

ಪ್ರಶ್ನೆ: ಹವಾನಿಯಂತ್ರಿತ ಕಚೇರಿಯಲ್ಲಿ ನನ್ನ ಪರ್ಫ್ಯೂಮ್‌ನಿಂದ ತಲೆನೋವು ಬರುತ್ತದೆಂದು ಸಹೋದ್ಯೋಗಿ ಹೇಳಿದರು. ನಿಲ್ಲಿಸಬೇಕೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಪರ್ಫ್ಯೂಮ್ ಅನ್ನು ಕಚೇರಿಗೆ ನಿಲ್ಲಿಸಿ. ಮೈಗ್ರೇನ್ ಇರುವವರಿಗೆ ಪರಿಮಳ ನಿಜವಾದ ತೊಂದರೆ ಕೊಡುತ್ತದೆ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಬೇರೆಯವರ ನಡುವೆ ಪರಿಮಳ ಒಂದು ತೋಳಿನ ದೂರ ದಾಟಬಾರದು. ಅಂಗಿಯ ಒಳಗೆ ಎದೆಗೆ ಒಂದು ಸಿಂಪಡಿಕೆ ಸಾಕು. ಅದೂ ಅವರಿಗೆ ತೊಂದರೆಯಾದರೆ ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಇಲ್ಲಿ ಊದ್ ಎಲ್ಲೆಡೆ ಸಿಗುತ್ತದೆ. ಊರಿಗೆ ಬರುವಾಗ ಅಪ್ಪನಿಗೆ ತರಬೇಕೆಂದಿದ್ದೇನೆ. ಯಾವುದು ಒಳ್ಳೆಯದು?
— ಓದುಗರೊಬ್ಬರು, ದುಬೈ

ಉತ್ತರ: ಊದ್ ಅಥವಾ ಅಗರು ಹುಟ್ಟುವುದು ಅಕ್ವಿಲೇರಿಯಾ ಜಾತಿಯ ಮರಕ್ಕೆ ಗಾಯವಾಗಿ ಶಿಲೀಂಧ್ರ ತಗುಲಿದಾಗ, ಮರ ತನ್ನ ರಕ್ಷಣೆಗೆ ಸ್ರವಿಸುವ ಕಪ್ಪು ರಾಳದಿಂದ. ಅಸ್ಸಾಂ ಇದರ ಹಳೆಯ ನೆಲೆ; ನಮ್ಮ ಮಲೆನಾಡಿನಲ್ಲೂ ಕೆಲವು ರೈತರು ಅಡಿಕೆ ತೋಟಗಳ ನಡುವೆ ಬೆಳೆಯುತ್ತಿದ್ದಾರೆ. ಶುದ್ಧ ಊದ್ ಎಣ್ಣೆಯ ಮೊದಲ ವಾಸನೆ ದನದ ಕೊಟ್ಟಿಗೆಯನ್ನು, ಚರ್ಮವನ್ನು ನೆನಪಿಸುವಷ್ಟು ಒರಟಾಗಿರುತ್ತದೆ, ರೂಢಿಯಿಲ್ಲದ ಹಿರಿಯರಿಗೆ ಹಿಡಿಸದಿರಬಹುದು. ಅಪ್ಪನಿಗಾದರೆ ಗುಲಾಬಿ ಮತ್ತು ಗಂಧ ಬೆರೆಸಿದ ಊದ್ ಅತ್ತರು 3 ಮಿ.ಲೀ. ತನ್ನಿ, ಸಾಕಷ್ಟಾಗುತ್ತದೆ. ಮರದ ಚೂರುಗಳನ್ನು ಕೊಳ್ಳುವುದಾದರೆ ಈ ಮರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ ಎಂಬುದು ಗೊತ್ತಿರಲಿ. ರಸೀದಿ ಇಟ್ಟುಕೊಳ್ಳಿ, ಅನುಮತಿಯ ನಿಯಮಗಳನ್ನು ಮೊದಲೇ ವಿಚಾರಿಸಿ. ವಿಮಾನದ ಕೈಚೀಲದಲ್ಲಿ ಒಂದು ದ್ರವದ ಬಾಟಲಿ 100 ಮಿ.ಲೀ. ಮೀರುವಂತಿಲ್ಲ.

ಪ್ರಶ್ನೆ: ಪರ್ಫ್ಯೂಮ್ ಎಷ್ಟು ವರ್ಷ ಬಾಳುತ್ತದೆ? ನಕಲಿಯನ್ನು ಗುರುತಿಸುವುದು ಹೇಗೆ?
— ಶಿವಮೊಗ್ಗ, ಬೆಳಗಾವಿ ಮತ್ತು ತುಮಕೂರಿನ ಓದುಗರು

ಉತ್ತರ: ಬೆಳಕು, ಶಾಖ ಮತ್ತು ಗಾಳಿ ಇದರ ಶತ್ರುಗಳು. ಸ್ನಾನದಮನೆಯ ಕಪಾಟು, ಕಿಟಕಿಯ ಪಕ್ಕದ ಮೇಜು, ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಮೂರೂ ಬೇಡ. ಬಂದ ರಟ್ಟಿನ ಡಬ್ಬಿಯಲ್ಲೇ ಇಟ್ಟು, ಬಟ್ಟೆಯ ಬೀರುವಿನ ತಂಪಾದ ಕೆಳ ಅಂಕಣದಲ್ಲಿ ಇಡಿ. ನಿಂಬೆ ಜಾತಿಯವು ಮೊದಲು ಕೆಡುತ್ತವೆ, ಮರ ಮತ್ತು ರಾಳದವು ಬಹಳ ಕಾಲ ಉಳಿಯುತ್ತವೆ. ಸಿಂಪಡಿಸಿದ ಕೂಡಲೇ ನೇಲ್ ಪಾಲಿಶ್‌ನಂಥ ಅಥವಾ ಹುಳಿ ವಿನೆಗರ್‌ನಂಥ ವಾಸನೆ ಬಂದು, ಹತ್ತು ನಿಮಿಷವಾದರೂ ಹೋಗದಿದ್ದರೆ ಅದು ಕೆಟ್ಟಿದೆ. ಬಣ್ಣ ಗಾಢವಾದ ಮಾತ್ರಕ್ಕೆ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ, ವೆನಿಲಾ ಇರುವವು ಸಹಜವಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತವೆ.

ನಕಲಿಯ ವಿಷಯದಲ್ಲಿ ಡಬ್ಬಿಯನ್ನು ಓದಿ. ಭಾರತದಲ್ಲಿ ಕಾನೂನುಬದ್ಧವಾಗಿ ಮಾರುವ ಆಮದು ಪರ್ಫ್ಯೂಮ್ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಂ.ಆರ್.ಪಿ. ಇರಲೇಬೇಕು. ಡಬ್ಬಿಯ ತಳದ ಬ್ಯಾಚ್ ಸಂಖ್ಯೆಗೂ ಬಾಟಲಿಯ ಮೇಲಿನದಕ್ಕೂ ತಾಳೆಯಾಗಬೇಕು. 'ಫಸ್ಟ್ ಕಾಪಿ' ಎಂದು ಮಾರುವುದು ಬೇರೆಯವರ ಹೆಸರನ್ನು ಕದ್ದ ಸರಕು. ಅದರೊಳಗೆ ಯಾವ ದ್ರಾವಕವಿದೆ ಎಂಬುದಕ್ಕೆ ಯಾರೂ ಹೊಣೆಯಲ್ಲ, ಅದು ನಿಮ್ಮ ಚರ್ಮಕ್ಕೆ ಹೋಗುತ್ತದೆ. ಪ್ರಸಿದ್ಧ ಪರಿಮಳದಿಂದ ಪ್ರೇರಣೆ ಪಡೆದು ತಮ್ಮದೇ ಹೆಸರಿನಲ್ಲಿ, ತಮ್ಮದೇ ವಿಳಾಸ ಹಾಕಿ ಮಾರುವ ಅಗ್ಗದ ಬಾಟಲಿಗಳ ಬಗ್ಗೆ ನನಗೆ ಆಕ್ಷೇಪವಿಲ್ಲ. ತುಮಕೂರಿನ ಓದುಗರು ಕಡಿಮೆ ಬೆಲೆಗೆ ತಂದ ಬಾಟಲಿಯ ಡಬ್ಬಿಯಲ್ಲಿ ಆಮದುದಾರರ ಹೆಸರಿಲ್ಲ ಎಂದು ಬರೆದಿದ್ದಾರೆ. ಅದನ್ನು ಮೈಗೆ ಹಾಕಿಕೊಳ್ಳಬೇಡಿ, ರಸೀದಿಯಿದ್ದರೆ ಈ ವಾರವೇ ಅಂಗಡಿಗೆ ಹಿಂದಿರುಗಿಸಿ.